ಮಂಗಳೂರೇ ದಡವಾಗಿದ್ದ ಐದು ದ್ವೀಪಗಳು



ನಮ್ಮ ಜಿಲ್ಲೆಯ ಪಶ್ಚಿಮದ ಗಡಿ ಯಾವುದು ಎಂದು ಶಾಲೆಯ ಮಕ್ಕಳನ್ನು ಕೇಳಿ. ಅರಬ್ಬಿ ಸಮುದ್ರ ಎಂದು ಥಟ್ಟನೆ ಹೇಳುತ್ತಾರೆ. ಇವತ್ತಿಗೆ ಅದು ಸರಿ. ಆದರೆ 1956ರ ಅಕ್ಟೋಬರ್ ಮುಗಿಯುವವರೆಗೆ ದಕ್ಷಿಣ ಕನ್ನಡ ಜಿಲ್ಲೆ ಸಮುದ್ರ ಶುರುವಾದಲ್ಲಿಗೆ ಮುಗಿಯುತ್ತಿರಲಿಲ್ಲ. ಮಂಗಳೂರಿನಿಂದ ನೈಋತ್ಯಕ್ಕೆ ಸುಮಾರು 250 ಕಿಲೋಮೀಟರ್ ನೀರು ದಾಟಿದರೆ ಜಿಲ್ಲೆ ಮತ್ತೆ ಶುರುವಾಗುತ್ತಿತ್ತು. ಅಲ್ಲಿ ಕಿಲ್ತಾನ್, ಚೆತ್ಲತ್, ಕಡಮತ್ತ್, ಅಮಿನಿ, ಇನ್ನೂ ಪಡುವಣಕ್ಕೆ ಬಿತ್ರಾ ಎಂಬ ಐದು ಹವಳದ ದ್ವೀಪಗಳಿವೆ. ಐದಕ್ಕೂ ಸೇರಿಸಿ ಅಮಿನಿದಿವಿ ದ್ವೀಪಗಳು ಎಂದು ಹೆಸರು. ಅವುಗಳ ಕಂದಾಯದ ಲೆಕ್ಕ ಮಂಗಳೂರಿನ ಕಲೆಕ್ಟರ್ ಕಚೇರಿಗೆ ಬರುತ್ತಿತ್ತು. ದ್ವೀಪದ ಹಗ್ಗ ಮಂಗಳೂರಿನ ಬಂದರಿನಲ್ಲಿ ಇಳಿಯುತ್ತಿತ್ತು, ಮಂಗಳೂರಿನ ಅಕ್ಕಿ ಅಲ್ಲಿಯ ಮಡಕೆಯಲ್ಲಿ ಬೇಯುತ್ತಿತ್ತು.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಕಾಸರಗೋಡು ನಮ್ಮ ಕೈ ತಪ್ಪಿತು. ಆ ನೋವು ಈ ಭಾಗದಲ್ಲಿ ಇನ್ನೂ ಹಸಿಯಾಗಿದೆ. ಅದೇ ದಿನ ಅಮಿನಿದಿವಿಯೂ ಜಿಲ್ಲೆಯಿಂದ ಕಳಚಿಕೊಂಡು, ಲಕ್ಕದೀವಿ, ಮಿನಿಕಾಯ್ ದ್ವೀಪಗಳ ಜತೆ ಸೇರಿ ಕೇಂದ್ರಾಡಳಿತ ಪ್ರದೇಶವಾಯಿತು. 1973ರಲ್ಲಿ ಆ ಪ್ರದೇಶಕ್ಕೆ ಲಕ್ಷದ್ವೀಪ ಎಂಬ ಹೆಸರು ಬಂತು. ಈ ಎರಡನೆಯ ಅಗಲಿಕೆ ಮಂಗಳೂರಿಗೆ ಅರಿವಿಗೇ ಬರಲಿಲ್ಲ ಎನ್ನಬೇಕು.

ಈ ಐದರಲ್ಲಿ ಬಿತ್ರಾವನ್ನು ಮೊದಲು ನೋಡೋಣ. ಲಕ್ಷದ್ವೀಪದಲ್ಲಿ ಜನವಸತಿ ಇರುವ ಹತ್ತು ದ್ವೀಪಗಳಲ್ಲಿ ಇದೇ ಅತಿ ಚಿಕ್ಕದು. ವಿಸ್ತೀರ್ಣ 0.105 ಚದರ ಕಿಲೋಮೀಟರ್, ಎಂದರೆ ಸುಮಾರು 26 ಎಕರೆ. ಪುತ್ತೂರು, ಸುಳ್ಯದ ಕಡೆ ದೊಡ್ಡ ಅಡಿಕೆ ತೋಟದವರೊಬ್ಬರ ಜಾಗದಷ್ಟೇ. 2011ರ ಜನಗಣತಿಯಲ್ಲಿ ಅಲ್ಲಿದ್ದವರು 271 ಮಂದಿ. ಈ ಚೂರು ನೆಲದ ಪಕ್ಕದಲ್ಲಿ, ಹವಳದ ದಿಬ್ಬದ ಒಳಗೆ 45 ಚದರ ಕಿಲೋಮೀಟರಿಗೂ ಮಿಕ್ಕಿದ ಶಾಂತವಾದ ಹಿನ್ನೀರಿದೆ. ಹಾಗಾಗಿ ಬಿತ್ರಾದವರ ಆಸ್ತಿಯೆಲ್ಲ ನೀರಿನಲ್ಲೇ ಇದೆ ಎಂದರೆ ಉತ್ಪ್ರೇಕ್ಷೆಯಲ್ಲ. ಬಹಳ ಕಾಲ ಅದು ಕಡಲ ಹಕ್ಕಿಗಳು ಮೊಟ್ಟೆಯಿಡುವ ಜಾಗವಾಗಿತ್ತು. ನೆರೆಯ ದ್ವೀಪದವರು ಬರುತ್ತಿದ್ದರು, ತೆಂಗಿನಕಾಯಿಯೋ ಮೊಟ್ಟೆಯೋ ಸಿಕ್ಕಿದ್ದನ್ನು ಒಯ್ಯುತ್ತಿದ್ದರು, ನಿಲ್ಲುತ್ತಿರಲಿಲ್ಲ. 1945ರ ಸುಮಾರಿಗೆ ಚೆತ್ಲತ್‌ನ ಹೆಂಗಸೊಬ್ಬಳು ಮಗನನ್ನು ಕರೆದುಕೊಂಡು ಬಂದು ಅಲ್ಲಿ ಕಾಯಂ ಮನೆ ಹೂಡಿದಳು. ಊರು ಹುಟ್ಟಿದ್ದು ಹೀಗೆ. ಆಗ ಬಿತ್ರಾ ದಕ್ಷಿಣ ಕನ್ನಡದಲ್ಲೇ ಇತ್ತು.

ಇಂಥ ದ್ವೀಪದಲ್ಲಿ ಜನ ಬದುಕುವುದಾದರೂ ಹೇಗೆ? ಮೊದಲು ನೀರು ಬೇಕಲ್ಲ. ಹವಳದ ಮರಳಿನ ಕೆಳಗೆ ಮಳೆನೀರು ಇಳಿದು, ಉಪ್ಪುನೀರಿನ ಮೇಲೆ ತೆಳ್ಳನೆಯ ಪದರವಾಗಿ ತೇಲುತ್ತಾ ನಿಂತಿರುತ್ತದೆ. ಸಿಹಿನೀರು ಹಗುರ, ಉಪ್ಪುನೀರು ಭಾರ, ಅಷ್ಟೇ ಗುಟ್ಟು. ಒಂದಾಳುದ್ದ ತೋಡಿದರೆ ಬಾವಿ ಸಿಗುತ್ತದೆ. ಸಮುದ್ರದಲ್ಲಿ ಭರತ ಬಂದಾಗ ಬಾವಿಯ ನೀರೂ ಏರುತ್ತದೆ, ಇಳಿತಕ್ಕೆ ಇಳಿಯುತ್ತದೆ. ಆಸೆಪಟ್ಟು ಹೆಚ್ಚು ಎತ್ತಿದರೆ ಅಡಿಯ ಉಪ್ಪು ಮೇಲೆ ಬರುತ್ತದೆ. ಪಂಪು ಹಾಕಿ ನೀರೆತ್ತುವ ನಮ್ಮ ಅಭ್ಯಾಸ ಅಲ್ಲಿ ನಡೆಯದು. ಈಗ ಸಮುದ್ರದ ನೀರನ್ನೇ ಆವಿ ಮಾಡಿ ಕುಡಿಯುವ ನೀರು ತೆಗೆಯುವ ಸ್ಥಾವರಗಳು ಬಂದಿವೆ. 2005ರಲ್ಲಿ ಲಕ್ಷದ್ವೀಪದ ರಾಜಧಾನಿ ಕವರತ್ತಿಯಲ್ಲಿ ಮೊದಲನೆಯದು ಶುರುವಾಯಿತು. ನಮ್ಮ ಹಳೆಯ ಜಿಲ್ಲೆಯ ಕಡಮತ್ತ್‌ಗೆ ಅಂಥದು ಬಂದದ್ದು 2024ರಲ್ಲಿ. ದಿನಕ್ಕೆ ಒಂದೂವರೆ ಲಕ್ಷ ಲೀಟರ್ ಕೊಡುತ್ತದೆ.

ನೀರಾದ ಮೇಲೆ ತೆಂಗು. ಭತ್ತ ಬೆಳೆಯಲು ಮಣ್ಣಿಲ್ಲ, ಹೊಳೆಯಿಲ್ಲ. ತೆಂಗಿನಿಂದ ಎಷ್ಟು ಬಗೆಯ ಜೀವನ ತೆಗೆಯಬಹುದೋ ಅಷ್ಟನ್ನೂ ಈ ಜನ ತೆಗೆದಿದ್ದಾರೆ. ಕಾಯಿಯಿಂದ ಕೊಬ್ಬರಿ ಮತ್ತು ಎಣ್ಣೆ, ಗರಿಯಿಂದ ಮಾಡು, ಮರದಿಂದ ಇಳಿಸಿದ ಸಿಹಿರಸದಿಂದ ಬೆಲ್ಲ ಮತ್ತು ಹುಳಿ ವಿನೆಗರ್. ಆ ಸಿಹಿರಸಕ್ಕೆ ಅವರು ಮೀರ ಎನ್ನುತ್ತಾರೆ. ಅದು ಕಳ್ಳಾಗಲು ಬಿಡುವುದಿಲ್ಲ, ಇಳಿಸಿದ ಕೂಡಲೇ ಒಲೆಯ ಮೇಲೆ ಇಡುತ್ತಾರೆ. ತೆಂಗಿನ ದೊಡ್ಡ ವೈರಿ ಇಲಿ. ಹಾವಿಲ್ಲ, ಮುಂಗುಸಿಯಿಲ್ಲ, ಇಲಿಗಳಿಗೆ ತೆಂಗಿನ ತಲೆಯೇ ಅರಮನೆ. ಊರಿನ ಗಂಡಸರೆಲ್ಲ ಒಟ್ಟಾಗಿ ಇಲಿ ಬೇಟೆಗೆ ಹೊರಡುವ ಪದ್ಧತಿ ಹಿಂದೆ ಇತ್ತು. ಒಬ್ಬನ ಮರದ ಇಲಿ ನಾಳೆ ಇನ್ನೊಬ್ಬನ ಮರಕ್ಕೆ ಹಾರುವುದರಿಂದ ಅದು ಎಲ್ಲರ ಕೆಲಸವಾಗಿತ್ತು.

ಇನ್ನು ಸಿಪ್ಪೆ. ದ್ವೀಪದ ಚರಿತ್ರೆಯೆಲ್ಲ ಇದರ ಸುತ್ತ ತಿರುಗುತ್ತದೆ, ಆದ್ದರಿಂದ ಸ್ವಲ್ಪ ನಿಂತು ನೋಡಬೇಕು. ಹಿನ್ನೀರಿನ ಅಂಚಿನಲ್ಲಿ, ಭರತದ ನೀರು ಬಂದು ಹೋಗುವಲ್ಲಿ ಮರಳು ತೋಡಿ ಗುಂಡಿ ಮಾಡುತ್ತಾರೆ. ಸಿಪ್ಪೆಗಳನ್ನು ಅದರಲ್ಲಿ ಜೋಡಿಸಿ, ಮೇಲೆ ಹವಳದ ಕಲ್ಲು ಹೇರಿ, ತಿಂಗಳುಗಟ್ಟಲೆ ಹಾಗೇ ಬಿಡುತ್ತಾರೆ. ದಿನಕ್ಕೆ ಎರಡು ಸಲ ಸಮುದ್ರ ಹೊಸ ನೀರು ತುಂಬಿ, ಹಳೆಯ ನೀರನ್ನು ತೊಳೆದುಕೊಂಡು ಹೋಗುತ್ತದೆ. ಕೆರೆಯ ನಿಂತ ನೀರಿನಲ್ಲಿ ಕೊಳೆಸಿದ ನಾರಿನ ಕಪ್ಪು ಇದಕ್ಕೆ ಬರುವುದಿಲ್ಲ. ಆಮೇಲೆ ಹೆಂಗಸರು ಸಿಪ್ಪೆಯನ್ನು ಮೇಲೆತ್ತಿ, ಕೊಡತಿಯಿಂದ ಬಡಿದು, ಪುಡಿ ಉದುರಿಸಿ, ಒಣಗಿಸಿ, ಎರಡೂ ಅಂಗೈಗಳ ನಡುವೆ ಹೊಸೆದು ಹುರಿ ಮಾಡುತ್ತಾರೆ. ಮನೆಕೆಲಸದ ನಡುವೆ, ಮಾತಿನ ನಡುವೆ, ಕೈ ಮಾತ್ರ ನಿಲ್ಲುವುದಿಲ್ಲ. ಬಣ್ಣ ಬಿಳುಪು, ಎಳೆ ಮೆದು, ಉಪ್ಪುನೀರಿಗೆ ಜಗ್ಗದ ಗಟ್ಟಿತನ. ಹಾಯಿಹಡಗುಗಳ ಕಾಲದಲ್ಲಿ ಇಂಥ ಹಗ್ಗಕ್ಕೆ ಎಲ್ಲಿಲ್ಲದ ಬೇಡಿಕೆ. ದ್ವೀಪದ ಓಡಗಳ ಹಲಗೆಗಳನ್ನೂ ಮೊಳೆ ಹೊಡೆಯದೆ ಇದೇ ಹುರಿಯಿಂದ ಹೊಲಿಯುತ್ತಿದ್ದರು.

ಈ ಹುರಿಗಾಗಿಯೇ ದಡದ ಅರಸರೆಲ್ಲ ದ್ವೀಪದ ಮೇಲೆ ಕಣ್ಣು ಹಾಕಿದರು. 16ನೆಯ ಶತಮಾನದಲ್ಲಿ ಪೋರ್ಚುಗೀಸರು ಅಮಿನಿಗೆ ಬಂದು ಕೋಟೆ ಕಟ್ಟಿದರು, ದ್ವೀಪದವರು ಅವರನ್ನು ಉಳಿಯಗೊಡಲಿಲ್ಲ. ಬಳಿಕ ಕಣ್ಣೂರಿನ ಅರಕ್ಕಲ್ ಮನೆತನದ ಕೈಗೆ ದ್ವೀಪಗಳು ಬಂದವು. 1760ರ ದಶಕದಲ್ಲಿ ಅರಕ್ಕಲ್‌ನವರು ಹುರಿಯ ವ್ಯಾಪಾರವನ್ನು ತಮ್ಮ ಏಕಸ್ವಾಮ್ಯಕ್ಕೆ ತೆಗೆದುಕೊಂಡರು. ಹುರಿಯನ್ನು ಅವರಿಗೇ ಕೊಡಬೇಕು, ಅವರು ಹೇಳಿದ ಬೆಲೆಗೆ ಕೊಡಬೇಕು. ಅವರ ಅಧಿಕಾರಿಗಳ ಕಾಟ ಹೆಚ್ಚಾದಾಗ, 1780ರ ದಶಕದಲ್ಲಿ, ಅಮಿನಿಯ ಕೆಲವರು ಓಡ ಹತ್ತಿ ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನನಿಗೆ ಮೊರೆಯಿಟ್ಟರು. ಅರಕ್ಕಲ್ ಮನೆತನದ ರಾಣಿ ಬೀಬಿಯ ಜತೆ ಟಿಪ್ಪುವಿಗೆ ಆಗ ಸ್ನೇಹವಿತ್ತು. ಬೀಬಿಗೆ ಬೇರೆ ಕಡೆ ಜಹಗೀರು ಕೊಟ್ಟು, 1787ರ ಹೊತ್ತಿಗೆ ಉತ್ತರದ ಈ ಐದು ದ್ವೀಪಗಳನ್ನು ಟಿಪ್ಪು ಪಡೆದುಕೊಂಡ. ದಕ್ಷಿಣದ ದ್ವೀಪಗಳು ಬೀಬಿಗೇ ಉಳಿದವು.

ಮಂಗಳೂರಿಗೂ ಅಮಿನಿದಿವಿಗೂ ಆಡಳಿತದ ನಂಟು ಬೆಳೆದದ್ದು ಹೀಗೆ, ದ್ವೀಪದವರೇ ಬಂದು ಕೇಳಿಕೊಂಡದ್ದರಿಂದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ದ್ವೀಪಗಳು ಈಸ್ಟ್ ಇಂಡಿಯಾ ಕಂಪನಿಗೆ ಸೇರಿದವು, ಕೆನರಾ ಕಲೆಕ್ಟರರ ವಶಕ್ಕೆ ಬಂದವು. ಟಿಪ್ಪುವಿನಿಂದ ಲೆಕ್ಕ ಹಿಡಿದರೆ 1956ರವರೆಗೆ ಸುಮಾರು 170 ವರ್ಷ ಮಂಗಳೂರೇ ಅವರ ದಡ. ಅಮಿನಿಯಲ್ಲಿ ಸರ್ಕಾರದ ಪರವಾಗಿ ಮೊನೆಗಾರ ಎಂಬ ಅಧಿಕಾರಿ ಇರುತ್ತಿದ್ದ. ಮೇಲಿನವರು ಅಲ್ಲಿಗೆ ಹೋಗುತ್ತಿದ್ದುದು ಅಪರೂಪ, ಅದೂ ಸಮುದ್ರ ಶಾಂತವಾಗಿದ್ದಾಗ.

ಬ್ರಿಟಿಷರು ಭೂಕಂದಾಯ ಹಾಕುವ ಬದಲು ಹುರಿಯ ಏಕಸ್ವಾಮ್ಯವನ್ನೇ ಮುಂದುವರಿಸಿದರು. ವ್ಯವಸ್ಥೆ ಸರಳವಾಗಿತ್ತು. ದ್ವೀಪದವರು ಹುರಿಯನ್ನು ಸರ್ಕಾರಕ್ಕೆ ಒಪ್ಪಿಸಬೇಕು. ಸರ್ಕಾರ ಗೊತ್ತುಮಾಡಿದ ಬೆಲೆಗೆ ಅದನ್ನು ತೆಗೆದುಕೊಂಡು, ಹಣದ ಬದಲು ಬಹುಪಾಲು ಅಕ್ಕಿ ಕೊಡುತ್ತದೆ. ಹುರಿಗೆ ಪೇಟೆಯಲ್ಲಿ ಸಿಕ್ಕುವ ಬೆಲೆಗೂ ಕೊಟ್ಟ ಬೆಲೆಗೂ ಇರುವ ವ್ಯತ್ಯಾಸವೇ ಸರ್ಕಾರದ ಆದಾಯ. ಇದರಲ್ಲಿ ದ್ವೀಪದವರಿಗೆ ಲಾಭವೇ ಇರಲಿಲ್ಲ ಎನ್ನುವಂತಿಲ್ಲ. ಪೇಟೆಯಲ್ಲಿ ಹುರಿಯ ಬೆಲೆ ಬಿದ್ದರೂ ಅಕ್ಕಿ ಬರುತ್ತಿತ್ತು. ಅಕ್ಕಿ ಬೆಳೆಯದ ಊರಿಗೆ ಅದು ಸಣ್ಣ ಸಂಗತಿಯಲ್ಲ. ಆದರೆ ಬೆಲೆ ಏರಿದಾಗ ಏರಿಕೆಯ ಹಣ ಮಂಗಳೂರಿನಲ್ಲೇ ಉಳಿಯುತ್ತಿತ್ತು. ಹುರಿ ಹೊಸೆದವಳು ದ್ವೀಪದಲ್ಲಿ, ತಕ್ಕಡಿ ದಡದಲ್ಲಿ. ಎರಡರ ನಡುವೆ 300 ಕಿಲೋಮೀಟರ್ ಉಪ್ಪುನೀರು.

ನನ್ನ ಮಾತಿನ ತಿರುಳು ಇಲ್ಲೇ ಇದೆ. ಪುಟ್ಟ ದ್ವೀಪಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅವುಗಳ ಒಂಟಿತನವನ್ನು ವರ್ಣಿಸುತ್ತಾರೆ. ಅಮಿನಿದಿವಿಯ ಚರಿತ್ರೆ ನೋಡಿದರೆ ಈ ಜನ ಒಂಟಿಯಾಗಿದ್ದ ಕಾಲವೇ ಇಲ್ಲ. ಅವರ ಅನ್ನ, ಬಟ್ಟೆ, ನ್ಯಾಯ, ಔಷಧಿ ಎಲ್ಲವೂ ದಡದ ಜತೆಗಿನ ಲೇವಾದೇವಿಯಿಂದಲೇ ಬಂದದ್ದು. ಪ್ರಶ್ನೆ ಇದ್ದದ್ದು ಆ ಲೇವಾದೇವಿಯ ಷರತ್ತುಗಳನ್ನು ಬರೆಯುವವರು ಯಾರು ಎಂಬುದರಲ್ಲಿ.

ಷರತ್ತುಗಳಲ್ಲಿ ಮೊದಲನೆಯದು ಋತುವಿನದು. ಮಳೆಗಾಲ ಮುಗಿದು ಸಮುದ್ರ ತಣಿದ ಮೇಲೆ ಓಡಗಳು ನೀರಿಗಿಳಿಯುತ್ತಿದ್ದವು. ಮಾಲ್ಮಿಗಳು ಎಂದರೆ ಓಡ ನಡೆಸುವವರು. ಗಂಟು ಹಾಕಿದ ದಾರ ಕಟ್ಟಿದ ಪುಟ್ಟ ಮರದ ಹಲಗೆಯನ್ನು ಕಣ್ಣಿಗೆ ನೇರ ಹಿಡಿದು, ದಿಗಂತದಿಂದ ನಕ್ಷತ್ರ ಎಷ್ಟು ಎತ್ತರದಲ್ಲಿದೆ ಎಂದು ಅಳೆದು ದಾರಿ ಹಿಡಿಯುತ್ತಿದ್ದರು. ರಹ್ಮಾನಿ ಎಂಬ ಕೈಬರಹದ ಪುಸ್ತಕಗಳಲ್ಲಿ ಈ ವಿದ್ಯೆ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದಿತ್ತು. ಮೇ ತಿಂಗಳೊಳಗೆ ಮಳೆಗಾಲದ ಅಕ್ಕಿ ಮನೆ ಸೇರಬೇಕು, ಓಡ ದಡಕ್ಕೇರಬೇಕು. ತಡವಾದರೆ ಸಮುದ್ರ ಕ್ಷಮಿಸುವುದಿಲ್ಲ. 1847ರ ಏಪ್ರಿಲ್‌ನ ಚಂಡಮಾರುತ ಕಲ್ಪೇನಿ, ಆಂದ್ರೋತ್ ದ್ವೀಪಗಳನ್ನು ಹಾಳುಗೆಡವಿ, ನಮ್ಮ ಕಡೆಯ ಕಿಲ್ತಾನನ್ನೂ ಬಿಡಲಿಲ್ಲ. ತೆಂಗು ಉರುಳಿದರೆ ಮತ್ತೆ ಫಲ ಬರಲು ವರ್ಷಗಳೇ ಬೇಕು. ಹುರಿ ಇಲ್ಲದೆ ಅಕ್ಕಿಯಿಲ್ಲ.

ಗಂಡಸರು ಹೀಗೆ ಸಮುದ್ರದ ಮೇಲೆ ಇರುವಾಗ ಮನೆ ಹೆಂಗಸರದು. ಅಳಿಯಕಟ್ಟಿನ ನಮ್ಮ ತುಳುನಾಡಿನವರಿಗೆ ಅಲ್ಲಿಯ ಪದ್ಧತಿ ಬೇಗ ಅರ್ಥವಾದೀತು. ಲಕ್ಷದ್ವೀಪದ ಜನ ಬಹುಮಟ್ಟಿಗೆ ಎಲ್ಲರೂ ಮುಸ್ಲಿಮರು, ಪರಿಶಿಷ್ಟ ಪಂಗಡಕ್ಕೆ ಸೇರಿದವರು. ಆದರೂ ತರವಾಡು ನಡೆಯುವುದು ತಾಯಿಯ ಕಡೆಯಿಂದ. ಮದುವೆಯಾದ ಮೇಲೂ ಹೆಂಡತಿ ತವರಿನಲ್ಲೇ ಇರುತ್ತಾಳೆ, ಗಂಡ ಅಲ್ಲಿಗೆ ಬಂದು ಹೋಗುತ್ತಾನೆ. ಆಸ್ತಿಯಲ್ಲಿ ಎರಡು ಬಗೆ. ಒಂದು ಶುಕ್ರವಾರದ ಆಸ್ತಿ, ಇನ್ನೊಂದು ಸೋಮವಾರದ ಆಸ್ತಿ. ಶುಕ್ರವಾರದ್ದು ತರವಾಡಿನ ಸೊತ್ತು, ತಾಯಿಯ ಸಂತಾನದಲ್ಲೇ ಹರಿಯಬೇಕು. ಸೋಮವಾರದ್ದು ಒಬ್ಬೊಬ್ಬರು ತಾವೇ ದುಡಿದದ್ದು, ಅದು ಶರೀಅತ್ತಿನಂತೆ ಮಕ್ಕಳಿಗೆ. ಎರಡು ಕಾನೂನುಗಳನ್ನು ವಾರದ ಎರಡು ದಿನಗಳಲ್ಲಿ ಹಂಚಿಟ್ಟು ಜಗಳ ತಪ್ಪಿಸಿದ ಈ ಜಾಣ್ಮೆಗೆ ಯಾವ ವಕೀಲರೂ ತಲೆದೂಗಬೇಕು.

1956ರ ನಂತರ ಷರತ್ತುಗಳು ಬದಲಾದವು. ಆಡಳಿತದ ಕಚೇರಿ ಮೊದಲು ಕೋಯಿಕ್ಕೋಡಿನಲ್ಲಿತ್ತು, 1964ರಲ್ಲಿ ಕವರತ್ತಿಗೆ ಬಂತು. ಶಾಲೆ, ಆಸ್ಪತ್ರೆ, ಪಡಿತರ, ಹಡಗು ಎಲ್ಲವೂ ಸರ್ಕಾರದಿಂದ ಬಂದವು. ಪ್ರಯಾಣಿಕರ ಹಡಗುಗಳ ಮುಖ ಕೊಚ್ಚಿಯ ಕಡೆ ತಿರುಗಿತು. 2011ರ ಗಣತಿಯಲ್ಲಿ ಲಕ್ಷದ್ವೀಪದ ಸಾಕ್ಷರತೆ ಶೇಕಡಾ 91 ದಾಟಿತ್ತು. ಮಿನಿಕಾಯ್‌ನವರ ಹಳೆಯ ಕಸುಬಾದ ಕೇದರ, ಎಂದರೆ ಟ್ಯೂನಾ ಮೀನುಗಾರಿಕೆ 1960ರ ದಶಕದಿಂದ ಯಂತ್ರದ ದೋಣಿಗಳ ಜತೆ ಬೇರೆ ದ್ವೀಪಗಳಿಗೂ ಹಬ್ಬಿತು. ಬಲೆ ಬೀಸಿ ಬಾಚುವ ಕೆಲಸ ಅಲ್ಲ ಅದು. ಹಿನ್ನೀರಿನಲ್ಲಿ ಹಿಡಿದ ಸಣ್ಣ ಜೀವಂತ ಮೀನನ್ನು ಸಮುದ್ರಕ್ಕೆ ಎರಚಿ, ಮುತ್ತಿಕೊಂಡ ಕೇದರವನ್ನು ಗಾಳದಿಂದ ಒಂದೊಂದಾಗಿ ಎತ್ತುತ್ತಾರೆ. ಬೇಯಿಸಿ, ಹೊಗೆ ಕೊಟ್ಟು, ಕಟ್ಟಿಗೆಯ ಹಾಗೆ ಒಣಗಿಸಿದ ಮಾಸ್ ಮೀನು ವರ್ಷವಿಡೀ ಕೆಡುವುದಿಲ್ಲ. ಆದರೆ ಕಾಯಂ ಸಂಬಳ ಬೇಕೆಂದರೆ ಸರ್ಕಾರಿ ನೌಕರಿಯೇ ಗತಿ. ಅಂಗೈಯಲ್ಲಿ ಹುರಿ ಹೊಸೆಯುವವರು ಕಡಿಮೆಯಾದರು. ನೈಲಾನ್ ಹಗ್ಗದ ಎದುರು ಅದು ನಿಲ್ಲುವುದೂ ಕಷ್ಟವಿತ್ತು.

ಹಾಗಾದರೆ ಮಂಗಳೂರಿನ ನಂಟು ಕಡಿದೇ ಹೋಯಿತೇ? ಕಲೆಕ್ಟರ್ ಕಚೇರಿಯಲ್ಲಿ ಕಡಿಯಿತು, ಬಂದರಿನಲ್ಲಿ ಕಡಿಯಲಿಲ್ಲ. ಸೆಪ್ಟೆಂಬರಿನಿಂದ ಮೇವರೆಗೆ ಒಂದು ದಿನ ಹಳೆ ಬಂದರಿನ ದಕ್ಕೆಗೆ ಹೋಗಿ ನೋಡಿ. ಸರಕು ಸಾಗಿಸುವ ಮಂಜಿಗಳು ನಿಂತಿರುತ್ತವೆ. ಲಕ್ಷದ್ವೀಪದ ಒಂದು ಮನೆಗೆ, ಒಂದು ಅಂಗಡಿಗೆ ಏನೇನು ಬೇಕೋ ಅದೆಲ್ಲ ಹಮಾಲರ ತಲೆಯ ಮೇಲೆ ಅವುಗಳೊಳಗೆ ಇಳಿಯುತ್ತಿರುತ್ತದೆ. ಸಿಮೆಂಟು, ಜಲ್ಲಿ, ಮರಳು, ಕಬ್ಬಿಣದ ಸರಳು, ಅಕ್ಕಿಮೂಟೆ, ಈರುಳ್ಳಿ, ಟೊಮೆಟೊ, ಕೆಲವು ಸಲ ಆಡುಗಳು. ಹಿಂದೆ ಹವಳದ ಕಲ್ಲು ಕಡಿದು ಮನೆ ಕಟ್ಟುತ್ತಿದ್ದರು. ಹವಳ ತೆಗೆದರೆ ದ್ವೀಪವೇ ಕೊರೆಯುತ್ತದೆ ಎಂದು ಅದನ್ನು ನಿಲ್ಲಿಸಿದ ಮೇಲೆ ಗೋಡೆಯ ಪ್ರತಿಯೊಂದು ಚೂರೂ ದಡದಿಂದಲೇ ಹೋಗಬೇಕು. ನಾವು ಮನೆ ಕಟ್ಟುವಾಗ ಮರಳಿನ ಬೆಲೆಗೆ ಗೊಣಗುತ್ತೇವೆ. ಕಡಮತ್ತ್‌ನವನಿಗೆ ಆ ಬೆಲೆಯ ಮೇಲೆ ಹಮಾಲಿ, ಮಂಜಿಯ ಬಾಡಿಗೆ, ಅಲ್ಲಿ ಇಳಿಸುವ ಕೂಲಿ. ದೊಡ್ಡ ಹಡಗಾದರೆ ಹವಳದ ದಿಬ್ಬದ ಹೊರಗೇ ನಿಲ್ಲಬೇಕು. ಜನ, ಸಾಮಾನು ಎರಡೂ ಸಣ್ಣ ದೋಣಿಗೆ ಇಳಿದು ಒಳಗೆ ಹೋಗಬೇಕು.

ಬರುವ ಮಂಜಿಯಲ್ಲಿ ಕೊಬ್ಬರಿ, ಒಣಮೀನು ಇದ್ದರೆ ಇತ್ತು, ಎಷ್ಟೋ ಸಲ ಖಾಲಿ. ಇಂದಿನ ದ್ವೀಪದ ಆರ್ಥಿಕತೆಯ ಚಿತ್ರ ಇದೇ. ಹೋಗುವಾಗ ತುಂಬಿದ ಒಡಲು, ಬರುವಾಗ ಖಾಲಿ ಒಡಲು. ಒಂದು ಕಾಲದಲ್ಲಿ ದ್ವೀಪದ ಹುರಿಗೆ ದಡದವರು ಕಾಯುತ್ತಿದ್ದರು. ಈಗ ದಡದ ಸಿಮೆಂಟಿಗೆ ದ್ವೀಪದವರು ಕಾಯುತ್ತಾರೆ.

ಅಪಾಯವೂ ಹಾಗೇ ಇದೆ. 2025ರ ಮೇ 12ರಂದು ಸಿಮೆಂಟು, ಕಟ್ಟಡ ಸಾಮಗ್ರಿ ಹೊತ್ತು ಮಂಗಳೂರಿನಿಂದ ಕಡಮತ್ತ್‌ಗೆ ಹೊರಟ ಸಲಾಮತ್ ಎಂಬ ಮಂಜಿ ಎರಡು ದಿನಗಳ ಬಳಿಕ ಬೆಳಗಿನ ಜಾವ ಮುಳುಗಿತು. ಸಣ್ಣ ದೋಣಿಗೆ ಹಾರಿ ಬಚಾವಾದ ಆರು ಮಂದಿ ಖಲಾಸಿಗಳನ್ನು ಕರಾವಳಿ ಕಾವಲು ಪಡೆಯ ಹಡಗು ಎತ್ತಿಕೊಂಡು ಬಂತು. ಮಳೆಗಾಲದ ಬಂದ್‌ಗೆ ಮುಂಚಿನ ಕೊನೆಯ ದಿನಗಳಲ್ಲಿ ಒಂದು ಲೋಡು ಹೆಚ್ಚು ಮುಟ್ಟಿಸುವ ಅವಸರ ಈ ದಾರಿಗೆ ಓಡಗಳ ಕಾಲದಿಂದಲೂ ಹೊಸತಲ್ಲ.

ಇತ್ತೀಚೆಗೆ ಈ ದಾರಿಯನ್ನು ಪ್ರಯಾಣಿಕರಿಗೂ ಮತ್ತೆ ತೆರೆಯುವ ಮಾತು ಕೇಳಿಬರುತ್ತಿದೆ. 2024ರ ಮೇ ಆರಂಭದಲ್ಲಿ ಪರಳಿ ಎಂಬ ವೇಗದ ಹಡಗು 160 ಪ್ರಯಾಣಿಕರನ್ನು ಹೊತ್ತು ಹಳೆ ಬಂದರಿಗೆ ಬಂತು. ಬಂದವರು ಆಸ್ಪತ್ರೆಗೆ, ಕಾಲೇಜಿಗೆ, ಪೇಟೆಗೆ ಎಂದು ಊರೊಳಗೆ ಚದುರಿದರು. ಉತ್ತರದ ದ್ವೀಪಗಳಿಗೆ ಕೊಚ್ಚಿಗಿಂತ ಮಂಗಳೂರು ಎಷ್ಟೋ ಹತ್ತಿರ. ಕೊಚ್ಚಿಯಿಂದ ಅಮಿನಿ 400 ಕಿಲೋಮೀಟರ್ ದಾಟುತ್ತದೆ, ಇಲ್ಲಿಂದ ಸುಮಾರು 300. ಹಳೆ ಬಂದರಿನಲ್ಲಿ ಲಕ್ಷದ್ವೀಪಕ್ಕೆಂದೇ ಪ್ರತ್ಯೇಕ ಜೆಟ್ಟಿ ಕಟ್ಟುವ ಯೋಜನೆಯೂ ಇದೆ. ಅಂದಹಾಗೆ ಆ ಹಡಗಿಗೆ ಹೆಸರು ಕೊಟ್ಟ ಪರಳಿ ಬಂಗಾರಂ ಬಳಿಯ ಪುಟ್ಟ ದ್ವೀಪಗಳ ಹೆಸರು. ಅವುಗಳಲ್ಲಿ ಒಂದು ಕೊರೆದು ಕೊರೆದು ಪೂರ್ತಿ ಸಮುದ್ರ ಸೇರಿದೆ ಎಂದು 2017ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. 1998, 2010, 2016ರಲ್ಲಿ ನೀರಿನ ಬಿಸಿ ಏರಿ ಹವಳಗಳು ಬಿಳಿಚಿಕೊಂಡವು. 2024ರಲ್ಲೂ ಅದೇ ಆಯಿತು. ಹವಳದ ದಿಬ್ಬ ಸತ್ತರೆ ಅಲೆಯನ್ನು ತಡೆಯುವವರಿಲ್ಲ, ಸಾಯದ ಹಾಗೆ ನೋಡಿಕೊಳ್ಳುವುದು ದ್ವೀಪದವರ ಕೈಯಲ್ಲಿಲ್ಲ. ಬಿಸಿ ಹೆಚ್ಚಿಸಿದ್ದು ದಡಗಳು.

2025ರ ಜುಲೈಯಲ್ಲಿ ಬಿತ್ರಾ ಸುದ್ದಿಗೆ ಬಂತು. ದ್ವೀಪದ ಅಷ್ಟೂ ನೆಲವನ್ನು ರಕ್ಷಣಾ ಉದ್ದೇಶಕ್ಕೆ ತೆಗೆದುಕೊಳ್ಳುವ ವಿಚಾರದಲ್ಲಿ, ಸಾಮಾಜಿಕ ಪರಿಣಾಮದ ಅಧ್ಯಯನಕ್ಕೆ ಅಲ್ಲಿನ ಆಡಳಿತ ಅಧಿಸೂಚನೆ ಹೊರಡಿಸಿತು. ಊರಿನವರೂ ಲಕ್ಷದ್ವೀಪದ ಸಂಸದರೂ ವಿರೋಧಿಸಿದರು. ದೇಶದ ರಕ್ಷಣೆ ದೊಡ್ಡ ವಿಷಯ, ಅದರ ಬಗ್ಗೆ ಹಗುರವಾಗಿ ಮಾತಾಡಬಾರದು. ಆದರೆ ಚರ್ಚೆಯಲ್ಲಿ ಕೇಳಿಬಂದ ಒಂದು ವಾದವನ್ನು ಮಾತ್ರ ಒಪ್ಪಲಾಗದು, ಇರುವವರು ಮುನ್ನೂರು ಜನವಲ್ಲವೇ ಎಂಬುದು. ಸಂಖ್ಯೆ ಸಣ್ಣದಾದರೆ ಹಕ್ಕೂ ಸಣ್ಣದಾಗುವುದಿಲ್ಲ. ಹಕ್ಕಿಗಳ ದಿಬ್ಬವನ್ನು ಊರು ಮಾಡಿಕೊಂಡವರಿಗೆ ಅದನ್ನು ಬಿಟ್ಟರೆ ಇನ್ನೊಂದು ಊರಿಲ್ಲ.

ಮಂಗಳೂರಿನವರು ಈ ವಿಷಯದಲ್ಲಿ ಏನು ಮಾಡಬಹುದು? ಆಡಳಿತ ನಮ್ಮ ಕೈಯಲ್ಲಿಲ್ಲ, ಇನ್ನು ಬರುವುದೂ ಇಲ್ಲ. ಬಂದರು ನಮ್ಮ ಕೈಯಲ್ಲಿದೆ. ದ್ವೀಪದ ಮಂಜಿಗೆ ದಕ್ಕೆಯಲ್ಲಿ ಜಾಗ ಸುಲಭವಾಗಿ ಸಿಗಬೇಕು. ಅಳಿವೆ ಬಾಗಿಲಿನ ಹೂಳು ಕಾಲಕಾಲಕ್ಕೆ ತೆಗೆಯಬೇಕು. ಕಾಯಿಲೆಯವರನ್ನು ಕರೆದುಕೊಂಡು ಬಂದ ಮನೆಯವರಿಗೆ ನಾಲ್ಕು ದಿನ ಉಳಿಯಲು ಕೈಗೆಟಕುವ ಬಾಡಿಗೆಯ ಕೋಣೆ ಬೇಕು. ಅವರ ಕೊಬ್ಬರಿ, ಬೆಲ್ಲ, ಮಾಸ್ ಮೀನಿಗೆ ಇಲ್ಲಿಯ ಪೇಟೆಯಲ್ಲಿ ಅವುಗಳ ಹೆಸರಿನಲ್ಲೇ ಗಿರಾಕಿ ಸಿಕ್ಕರೆ ಬರುವ ಮಂಜಿ ಖಾಲಿ ಬರಬೇಕಾಗಿಲ್ಲ. ಇದರಲ್ಲಿ ದಾನಧರ್ಮದ ಮಾತಿಲ್ಲ. 170 ವರ್ಷ ಒಬ್ಬರ ಹುರಿಯನ್ನು ನಮ್ಮ ತಕ್ಕಡಿಯಲ್ಲಿ ತೂಗಿದ ಊರು ಈಗ ಸರಿಯಾದ ತೂಕದ ವ್ಯಾಪಾರ ಮಾಡಬೇಕು, ಅಷ್ಟೇ.

ದ್ವೀಪದವರಿಗೆ ದಡವಿಲ್ಲದೆ ನಡೆಯುವುದಿಲ್ಲ, ದಡದವರಿಗೆ ದ್ವೀಪವಿಲ್ಲದೆಯೂ ನಡೆಯುತ್ತದೆ. ಈ ವ್ಯತ್ಯಾಸ ಇರುವಷ್ಟು ಕಾಲವೂ ನ್ಯಾಯವಾಗಿ ನಡೆದುಕೊಳ್ಳುವ ಹೊಣೆ ಹೆಚ್ಚಾಗಿ ದಡದವರದೇ.